ಅತಿಥಿಯ ಬಚ್ಚಲಿಗೆ ಪರಿಮಳ ಬೇಡ

ಕೇಳುಗರೆಲ್ಲರಿಗೂ ನಮಸ್ಕಾರ.

ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಕಡೆ ತೋಟದ ಮನೆಯ ಒಂದೆರಡು ಕೋಣೆಗಳನ್ನು ಹೋಂಸ್ಟೇಗೆ ಬಿಟ್ಟುಕೊಟ್ಟವರು ಈಗ ಬಹಳ ಮಂದಿ. ನಾನೂ ಅವರಲ್ಲೊಬ್ಬಳು. ಬಂದವರ ಬಚ್ಚಲಿನಲ್ಲಿ ನಾವು ಇಡುವ ಸೋಪು, ಶಾಂಪೂ, ಟವೆಲ್ಲುಗಳ ಬಗ್ಗೆ ಇವತ್ತು ನಾಲ್ಕು ಮಾತು ಹೇಳಬೇಕಿದೆ. ಇವುಗಳಲ್ಲಿ ಯಾವುದಕ್ಕೂ ಪರಿಮಳ ಬೇಡ ಎಂಬುದು ನನ್ನ ವಾದ.

ಗಂಧದ ನಾಡಿನಲ್ಲಿ ಕುಳಿತು ಹೀಗೆ ಹೇಳಿದರೆ ಕೆಲವರಿಗೆ ಹಿಡಿಸಲಿಕ್ಕಿಲ್ಲ. 1916ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಹುಟ್ಟಿದಂದಿನಿಂದ ಗಂಧದ ಸೋಪು ನಮ್ಮ ಹೆಮ್ಮೆ. ನಮ್ಮ ಮನೆಯವರ ಬಚ್ಚಲಿನಲ್ಲಿ ಇಂದಿಗೂ ಅದೇ ಇದೆ. ಆದರೆ ನಮ್ಮ ಮೈಗೆ ನಾವು ಹಚ್ಚಿಕೊಳ್ಳುವುದು ನಮ್ಮ ಇಷ್ಟ. ದುಡ್ಡು ಕೊಟ್ಟು ಎರಡು ರಾತ್ರಿ ತಂಗಲು ಬಂದವರ ಮೇಲೆ ಅದನ್ನು ಹೇರುವ ಹಕ್ಕು ನಮಗಿಲ್ಲ. ಪರಿಮಳ ಬೇಕೆನ್ನುವವರು ತಮ್ಮ ಚೀಲದಲ್ಲಿ ತಂದುಕೊಳ್ಳಬಹುದು. ಬೇಡವೆನ್ನುವವರು ದಿಂಬಿಗೂ ಟವೆಲ್ಲಿಗೂ ಹತ್ತಿದ್ದನ್ನು ಏನು ಮಾಡಿಯಾರು?

ಚರ್ಮಕ್ಕೆ ತಾಗಿ ಆಗುವ ಅಲರ್ಜಿಗೆ ಬಹು ಸಾಮಾನ್ಯ ಕಾರಣಗಳಲ್ಲಿ ಸುಗಂಧದ್ರವ್ಯವೂ ಒಂದು. ಉಬ್ಬಸದವರಲ್ಲಿ ಕೆಲವರಿಗೆ ಗಾಢ ವಾಸನೆಯಿಂದ ಉಸಿರು ಕಟ್ಟುತ್ತದೆ, ಅರೆತಲೆನೋವಿನವರಲ್ಲಿ ಹಲವರಿಗೆ ತಲೆ ಸಿಡಿಯಲು ತೊಡಗುತ್ತದೆ. ಕೂಸಿಗೆ ಇಸುಬು ಇದ್ದ ತಾಯಿಯೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಕೋಣೆಯೊಳಗೆ ಹೋದವರೇ ಮಗುವನ್ನು ಗಂಡನ ಕೈಗೆ ಕೊಟ್ಟು, ಬಾಗಿ, ದಿಂಬಿಗೆ ಮೂಗಿಟ್ಟು ನೋಡಿದರು. ಆಮೇಲೆ ಹೊದಿಕೆ, ಆಮೇಲೆ ಟವೆಲ್ಲು. "ಹೋದ ಕಡೆಯೆಲ್ಲ ಇದೇ ಆಗಿದೆ ಅಕ್ಕಾ, ತಪ್ಪು ತಿಳಿಯಬೇಡಿ" ಎಂದರು. ಅವರ ಪೆಟ್ಟಿಗೆಯ ಅರ್ಧ ಭಾಗ ಮನೆಯಿಂದ ಹೊತ್ತು ತಂದ ಹಾಸು ಹೊದಿಕೆಗಳೇ ಇದ್ದವು. ಪ್ರವಾಸಕ್ಕೆಂದು ಹೊರಟವರಿಗೆ ಈ ಹೊರೆ ಏಕಿರಬೇಕು?

ಕೊಳ್ಳುವಾಗ ಪೊಟ್ಟಣದ ಮುಂಬದಿಯನ್ನು ನಂಬಬೇಡಿ, ಹಿಂಬದಿ ಓದಿ. ಸಣ್ಣ ಅಕ್ಷರದ ಪಟ್ಟಿಯಲ್ಲಿ 'ಫ್ರೇಗ್ರೆನ್ಸ್', 'ಪರ್ಫ್ಯೂಮ್', 'ಪಾರ್ಫಮ್' ಇವುಗಳಲ್ಲಿ ಯಾವುದಿದ್ದರೂ ಕೆಳಗಿಡಿ. ಆ ಒಂದೇ ಮಾತಿನಡಿ ಹತ್ತಾರು ರಾಸಾಯನಿಕಗಳು ಅಡಗಿರಬಹುದು. 'ಅನ್‌ಸೆಂಟೆಡ್', ಅಂದರೆ ವಾಸನೆ ಇಲ್ಲದ್ದು, ಎಂದು ಬರೆದದ್ದೂ ಸಾಲದು, ಮೂಲ ವಸ್ತುಗಳ ವಾಸನೆಯನ್ನು ಮುಚ್ಚಲೆಂದು ಅದರಲ್ಲೂ ಸುಗಂಧ ಬೆರೆಸಿರುವುದುಂಟು. ಮಕ್ಕಳ ಸೋಪೆಂದು ಮಾರುವ ಎಷ್ಟೋ ಸೋಪುಗಳಿಗೂ ಪರಿಮಳವಿದೆ. ಐರೋಪ್ಯ ಒಕ್ಕೂಟದಲ್ಲಿ ಅಲರ್ಜಿ ತರಬಲ್ಲ 26 ಸುಗಂಧ ವಸ್ತುಗಳನ್ನು ನಿಗದಿತ ಪ್ರಮಾಣ ಮೀರಿದರೆ ಹೆಸರಿಸಿಯೇ ನಮೂದಿಸಬೇಕೆಂಬ ನಿಯಮ 2005ರಿಂದ ಇದೆ. 2023ರ ತಿದ್ದುಪಡಿಯಲ್ಲಿ ಆ ಪಟ್ಟಿ 80ನ್ನು ದಾಟಿತು. ನಿಂಬೆ, ಕಿತ್ತಳೆ ಸಿಪ್ಪೆಯಲ್ಲಿರುವ ಲಿಮೊನೀನ್, ಲ್ಯಾವೆಂಡರಿನಲ್ಲಿರುವ ಲಿನಲೂಲ್ ಎರಡೂ ಅದರಲ್ಲಿವೆ. ಗಾಳಿಗೆ ಒಡ್ಡಿಕೊಂಡಷ್ಟೂ ಇವು ಅಲರ್ಜಿ ತರುವುದು ಹೆಚ್ಚು. ಆದ್ದರಿಂದ ನೈಸರ್ಗಿಕ, ಕೈಯಲ್ಲೇ ಮಾಡಿದ್ದು, ಮಜ್ಜಿಗೆಹುಲ್ಲಿನ ಎಣ್ಣೆಯದು ಎಂದರೂ ನನ್ನ ಉತ್ತರ ಅದೇ.

ಔಷಧಿ ಅಂಗಡಿಗಳಲ್ಲಿ ಸುಗಂಧರಹಿತ ಕ್ಲೆನ್ಸರುಗಳು ಸಿಗುತ್ತವೆ. ಬೆಲೆ ತುಸು ಹೆಚ್ಚು. ಚಿಕ್ಕ ಚಿಕ್ಕ ಪೊಟ್ಟಣ ಇಡುವ ಬದಲು ದೊಡ್ಡ ಪಂಪ್ ಬಾಟಲಿ ಇಟ್ಟರೆ ಖರ್ಚು ಸರಿಹೋಗುತ್ತದೆ, ಕಸವೂ ಕಡಿಮೆ. ಒಂದು ಎಚ್ಚರಿಕೆ: ತಳದಲ್ಲಿ ಉಳಿದದ್ದರ ಮೇಲೆಯೇ ಹೊಸದನ್ನು ಸುರಿಯಬೇಡಿ. ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬಾಟಲಿಯನ್ನು ತೊಳೆದು, ಒಣಗಿಸಿ ತುಂಬಿ. ಪದಾರ್ಥಗಳ ಪಟ್ಟಿಯನ್ನು ಅದರ ಮೇಲೆಯೇ ಅಂಟಿಸಿ.

ಸೋಪಿನ ಮಾತು ಸುಲಭದ್ದು. ನಮ್ಮ ನಿಜವಾದ ಕಷ್ಟ ಮಳೆಗಾಲದ ಬಟ್ಟೆಯದು. ಮಲೆನಾಡಿನಲ್ಲಿ ಜೂನ್ ಕಳೆದರೆ ಹಾಸಿಗೆ, ದಿಂಬು, ಬೀರು, ಎಲ್ಲಕ್ಕೂ ಮುಗ್ಗಲು ವಾಸನೆ. ಅದನ್ನು ಮುಚ್ಚಲು ಬಟ್ಟೆ ಮೆದುವಾಗಿಸುವ ಕಂಡಿಷನರ್, ಕೋಣೆಗೆ ಹೊಡೆಯುವ ಸ್ಪ್ರೇ, ವಾಷ್‌ಬೇಸಿನ್ನಿನಲ್ಲಿ ನುಸಿಗುಳಿಗೆ. ಇವುಗಳಿಂದ ಬೂಷ್ಟು ಹೋಗುವುದಿಲ್ಲ, ಉಬ್ಬಸ ಕೆರಳಿಸುವ ಆ ಬೂಷ್ಟು ಅಲ್ಲಿಯೇ ಕುಳಿತಿರುತ್ತದೆ. ನುಸಿಗುಳಿಗೆಯಂತೂ ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದ ಇರುವ ಶಿಶುಗಳಿಗೆ ಅಪಾಯ. ಅದರ ನ್ಯಾಫ್ತಲೀನಿನಿಂದ ಕೆಂಪು ರಕ್ತಕಣಗಳೇ ಒಡೆಯಬಹುದು. ಅತಿಥಿಗಳ ಕೋಣೆಯಿಂದ ಅದನ್ನು ಇವತ್ತೇ ತೆಗೆದುಹಾಕಿ.

ನಾನು ದಪ್ಪ ಟವೆಲ್ಲು ಬಿಟ್ಟು ತೆಳುವಾದ ಹತ್ತಿಯದಕ್ಕೆ ಬಂದೆ, ಬೇಗ ಒಣಗುತ್ತದೆ. ಸುಗಂಧರಹಿತ ಡಿಟರ್ಜೆಂಟ್ ಸ್ವಲ್ಪವೇ ಹಾಕಿ, ಇನ್ನೊಂದು ನೀರಿನಲ್ಲಿ ಹೆಚ್ಚಾಗಿ ಜಾಲಿಸುತ್ತೇನೆ. ಕಂಡಿಷನರ್ ನೂಲಿನ ಮೇಲೆ ಪದರ ಕಟ್ಟುವುದರಿಂದ ಟವೆಲ್ಲು ನೀರು ಹೀರುವುದೂ ಕಡಿಮೆಯಾಗುತ್ತದೆ, ಅದನ್ನು ಬಿಟ್ಟದ್ದು ಎರಡು ಬಗೆಯ ಲಾಭ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಹೊಗೆ ಹತ್ತುತ್ತದೆಂದು, ಖಾಲಿ ಕೋಣೆಯೊಂದರಲ್ಲಿ ಹಗ್ಗ ಕಟ್ಟಿ, ಫ್ಯಾನು ಹಾಕಿ ಒಣಗಿಸುತ್ತೇವೆ. ಬಿಸಿಲು ಕಂಡ ದಿನ ಹಾಸಿಗೆಗಳೆಲ್ಲ ಅಂಗಳಕ್ಕೆ. ದುಡಿಮೆ ಜಾಸ್ತಿ, ನಿಜ. ಒಣಗಿದ ಶುಭ್ರ ಬಟ್ಟೆಗೆ ಯಾವ ವಾಸನೆಯೂ ಇರುವುದಿಲ್ಲ, ನಮಗೆ ಬೇಕಾದದ್ದು ಅದೇ.

ಆದರೂ "ನಮ್ಮಲ್ಲಿ ಅಲರ್ಜಿಯೇ ಆಗದು" ಎಂದು ಯಾರಿಗೂ ಮಾತು ಕೊಡಬೇಡಿ. ಸೋಪು ಕೆಡದಿರಲು ಹಾಕುವ ವಸ್ತುಗಳೂ ಕೆಲವರಿಗೆ ಒಗ್ಗುವುದಿಲ್ಲ. ಕೋಣೆ ಕಾದಿರಿಸಲು ಫೋನು ಬಂದಾಗಲೇ ಏನೇನು ಬಳಸುತ್ತೇವೆ ಎಂದು ಹೇಳಿಬಿಡಿ. ದೇವರ ಮನೆಯಲ್ಲಿ ಊದುಬತ್ತಿ ಹಚ್ಚುತ್ತೇವೆ ಎಂಬುದನ್ನೂ ಹೇಳಿ. ಮಾರ್ಚ್, ಏಪ್ರಿಲ್‌ನಲ್ಲಿ ಬರುವವರಿಗೆ ನಾನು ಇನ್ನೊಂದು ಮಾತು ಸೇರಿಸುತ್ತೇನೆ: ಹೂಮಳೆ ಬಿದ್ದು ಕಾಫಿ ಅರಳಿದರೆ ಕಿಟಕಿ ಮುಚ್ಚಿದರೂ ಅದರ ಘಮ ಒಳಗೆ ಬರುತ್ತದೆ, ನಿಮಗೆ ಆಗದಿದ್ದರೆ ದಿನ ಬದಲಿಸಿಕೊಳ್ಳಿ, ಮುಂಗಡ ಹಣ ಹಾಗೆಯೇ ಇರುತ್ತದೆ.

ನಮಸ್ಕಾರ.