ಕಲಾವಿದರ ಮನೆಯ ಮಕ್ಕಳು: ಕೊಡಗಿನ ಒಂದು ಚಾರಿತ್ರಿಕ ಕಾದಂಬರಿ ಕಟ್ಟುವ ಲೆಕ್ಕ

ನಮಸ್ಕಾರ. ಪರದೆಯ ಮೇಲೆ ಈಗ ಕಾಣುತ್ತಿರುವುದು ಮಡಿಕೇರಿ ಕೋಟೆ. ಮಳೆ ಈಗಷ್ಟೇ ಬಿಟ್ಟಿದೆ, ಕಲ್ಲಿನ ಆನೆಗಳ ಬೆನ್ನು ಇನ್ನೂ ಒದ್ದೆ. ಒಳಗಿನ ಅರಮನೆ ಲಿಂಗರಾಜೇಂದ್ರನ ಕಾಲದ್ದು, 1812ರಿಂದ 1814ರ ನಡುವೆ ಎದ್ದದ್ದು. ಕೊಡಗಿನ ಚಾರಿತ್ರಿಕ ಕಾದಂಬರಿ ಅಂದ ಕೂಡಲೇ ನಮ್ಮೆಲ್ಲರ ಮನಸ್ಸು ಈ ಗೋಡೆಗಳ ಕಡೆಗೇ ಹೋಗುತ್ತದೆ: ರಾಜರು, ಸಂಚು, ಕೊಡಗು ಬ್ರಿಟಿಷರ ವಶವಾದ 1834. ಇವತ್ತು ಆ ದಾರಿ ಬಿಡೋಣ. ಕಲೆಯನ್ನೇ ಕಸುಬು ಮಾಡಿಕೊಂಡ ಮನೆಗಳು, ಆ ಮನೆಗಳಲ್ಲಿ ಹುಟ್ಟಿದ ಮಕ್ಕಳು, ಇವರನ್ನು ಇಟ್ಟುಕೊಂಡು ಒಂದು ದೊಡ್ಡ ಕಾದಂಬರಿ ಬರೆಯಬೇಕಾದರೆ ಮೊದಲು ಏನೇನು ಗೊತ್ತುಮಾಡಿಕೊಳ್ಳಬೇಕು ಎಂಬುದು ಇವತ್ತಿನ ವಿಷಯ.

ಆದರೂ ಅರಮನೆಗೆ ಸೇರಿದ ಒಂದು ಮಗುವನ್ನು ನೆನೆದೇ ಹೊರಡಬೇಕು. ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ ಹುಟ್ಟಿದ್ದು ಕಾಶಿಯಲ್ಲಿ, 1841ರಲ್ಲಿ. 1852ರಲ್ಲಿ ತಂದೆಯ ಜೊತೆ ಇಂಗ್ಲೆಂಡಿಗೆ ಹೋದಳು, ವಿಕ್ಟೋರಿಯಾ ರಾಣಿ ಅವಳ ಧರ್ಮಮಾತೆಯಾದಳು. 1854ರಲ್ಲಿ ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ. ಮರೊಚೆಟ್ಟಿ ಅವಳ ಮುಖವನ್ನು ಶಿಲ್ಪದಲ್ಲಿ ಕಡೆದ. ಅವಳು ತೀರಿಕೊಂಡದ್ದು 1864ರಲ್ಲಿ, 22ರ ವಯಸ್ಸಿಗೆ. ಆ ಚಿತ್ರದಲ್ಲಿ ಎಲ್ಲವೂ ಇದೆ, ಮಗುವಿನ ಮಾತೊಂದನ್ನು ಬಿಟ್ಟು. ದೊಡ್ಡವರು ಹೇಳಿದ ಹಾಗೆ ನಿಂತ ಹುಡುಗಿಗೆ ಎಷ್ಟು ಹೊತ್ತು ಕಾಲು ನೋಯಿತು ಎಂದು ಬಣ್ಣ ಹೇಳುವುದಿಲ್ಲ. ಹೇಳಬೇಕಾದದ್ದು ಕಾದಂಬರಿ. ಅದಕ್ಕೇ ಈ ಬಗೆಯ ಬರವಣಿಗೆ ನಮಗೆ ಇಷ್ಟು ಮುಖ್ಯ ಅನ್ನಿಸುವುದು.

ಈಗ ಕೆಲಸಕ್ಕೆ ಬರೋಣ. ಮೂರು ಮನೆ ಸಾಕು. ಒಂದು, ಮಡಿಕೇರಿಯ ಶಾಲಾ ಮಾಸ್ತರರ ಮನೆ. ಅವರು ನಾಟಕ ಬರೆಯುತ್ತಾರೆ. ಇನ್ನೊಂದು, ವಿರಾಜಪೇಟೆ ಕಡೆಯ ಐರಿ ಮನೆ. ಪೀಚೆಕತ್ತಿ, ಒಡಿಕತ್ತಿ ಮಾಡುವವರು. ಮೂರನೆಯದು ನಾಪೋಕ್ಲು ಕಡೆಯ ಮೇದರ ಮನೆ, ವಾಲಗ ಅವರದು. ಮಕ್ಕಳು ಒಟ್ಟು ಏಳು. ಕಾಲ 1906ರಿಂದ 1942. ಏಳಕ್ಕಿಂತ ಹೆಚ್ಚು ಮಕ್ಕಳನ್ನು ತಂದರೆ ನೂರನೇ ಪುಟ ದಾಟುವಾಗ ಓದುಗರಿಗೆ ಯಾರು ಯಾರ ಮಗ ಎಂದು ತಿಳಿಯದೆ ಹಿಂದಕ್ಕೆ ತಿರುಗಿಸಬೇಕಾಗುತ್ತದೆ.

ಮೊದಲ ವಾಕ್ಯ ಬರೆಯುವುದಕ್ಕೂ ಮುಂಚೆ ಉದ್ದನೆಯ ಹಾಳೆಯ ಮೇಲೆ ವಯಸ್ಸಿನ ಕೋಷ್ಟಕ ಹಾಕಿ. ಅಡ್ಡಕ್ಕೆ 37 ವರ್ಷ, ಉದ್ದಕ್ಕೆ ಏಳು ಮಕ್ಕಳು, ಆರು ಹಿರಿಯರು. ಪ್ರತಿ ಚೌಕದಲ್ಲಿ ವಯಸ್ಸು, ಓದುವ ತರಗತಿ, ಆ ವರ್ಷ ಆ ಮಗುವಿನ ಕೈಗೆ ಬಂದ ಕೆಲಸ. ಇಂಥ ಕಾದಂಬರಿಯಲ್ಲಿ ಕಥೆ ಹುಟ್ಟುವುದು ಈ ಹಾಳೆಯಲ್ಲೇ. ಬೇಕಿದ್ದರೆ ಮಾಸ್ತರರ ಮನೆಯನ್ನೇ ನೋಡಿ: ದೊಡ್ಡ ಮಗ 1904ರ ಜನವರಿ, ಮಗಳು 1907, ಸಣ್ಣವನು 1912ರ ಮೇ. 1907ಕ್ಕೂ 1912ಕ್ಕೂ ನಡುವೆ ಐದು ವರ್ಷ ಖಾಲಿ. ಆ ಕಾಲದ ಮನೆಯಲ್ಲಿ ಅಷ್ಟು ದೊಡ್ಡ ಅಂತರ ಬಿದ್ದರೆ ಅದಕ್ಕೊಂದು ಕಾರಣ ಇರಬೇಕು. ಒಂದು ಕೂಸು ಹೋಗಿರಬಹುದು. ಹೋಗಿದ್ದರೆ ಅದಕ್ಕೂ ಒಂದು ಸಾಲು ಕೊಡಿ, ವಯಸ್ಸಿನ ಜಾಗ ಖಾಲಿ ಇರಲಿ. ಆ ತಾಯಿ ಮಾತಾಡುವಾಗಲೆಲ್ಲ ಅದು ನಿಮ್ಮ ಕಣ್ಣ ಮುಂದೆ ಇರುತ್ತದೆ.

ತಾಯಂದಿರ ಸಾಲಿನಲ್ಲಿ ಪ್ರತಿ ಹೆರಿಗೆಯಿಂದ ಒಂಬತ್ತು ತಿಂಗಳು ಹಿಂದಕ್ಕೆ ಗೆರೆ ಎಳೆಯಿರಿ. ಬಹಳ ಜನ ಎಡವುವುದು ಇಲ್ಲಿ. 1912ರ ಮೇ ತಿಂಗಳಲ್ಲಿ ಹುಟ್ಟುವ ಮಗುವಿನ ತಾಯಿ 1911ರ ಪುತ್ತರಿಗೆ, ಅಂದರೆ ಡಿಸೆಂಬರ್ ಹೊತ್ತಿನ ಸುಗ್ಗಿ ಹಬ್ಬಕ್ಕೆ, ನಾಲ್ಕು ತಿಂಗಳ ಬಸುರಿ, ಮಾರ್ಚಿಯಲ್ಲಿ ಏಳು ತುಂಬಿದವಳು. ಆ ಮಾರ್ಚಿಯಲ್ಲಿ ಅವಳನ್ನು ಸಂಪಾಜೆ ಘಾಟಿ ಇಳಿಸುವ ದೃಶ್ಯ ಬರೆದಿದ್ದರೆ, ಗಾಡಿಯ ಕುಲುಕಾಟವನ್ನು ಅವಳ ಮೈಯಿಂದ ಬರೆಯಬೇಕು. ಇಲ್ಲವೇ ಅವಳನ್ನು ಮನೆಯಲ್ಲೇ ಬಿಟ್ಟು ಹೋಗಬೇಕು.

ಹುಟ್ಟಿದ ವರ್ಷದ ವಿಷಯದಲ್ಲಿ ಇನ್ನೊಂದು ಎಚ್ಚರ. ಜಾತಕದಲ್ಲಿ ಸಂವತ್ಸರದ ಹೆಸರಿರುತ್ತದೆ, ಸಂವತ್ಸರ ಬದಲಾಗುವುದು ಯುಗಾದಿಗೆ. 1904 ಎಂದರೆ ಕ್ರೋಧಿ ಎಂದು ಬರೆದುಕೊಂಡರೆ ನಮ್ಮ ದೊಡ್ಡ ಹುಡುಗನ ಮಟ್ಟಿಗೆ ತಪ್ಪು. ಜನವರಿ ಆದ್ದರಿಂದ ಅವನದು ಇನ್ನೂ ಶೋಭಕೃತ್. ಕೊಡವರ ಮನೆಯಲ್ಲಾದರೆ ಲೆಕ್ಕವೇ ಬೇರೆ, ಅಲ್ಲಿ ಹೊಸ ವರ್ಷ ಏಪ್ರಿಲ್ ನಡುವಿನ ಎಡಮ್ಯಾರ್ ಒಂದಕ್ಕೆ. ಒಂದೇ ಊರಿನ ಎರಡು ಮನೆಗಳಲ್ಲಿ ಎರಡು ಹೊಸ ವರ್ಷ. ಮಕ್ಕಳು ಇದನ್ನು ಗಮನಿಸದೆ ಇರುತ್ತಾರೆಯೇ? ಹೋಳಿಗೆ ಇಲ್ಲಿ ಯಾವಾಗ, ಪಾಯಸ ಅಲ್ಲಿ ಯಾವಾಗ ಎಂದು ಅವರಿಗೆ ಬಾಯಿಪಾಠ.

ಈಗ ಕಾಣುತ್ತಿರುವ ಬಯಲು ಒಂದು ಮಂದ್. ಪುತ್ತರಿಯ ಕೋಲಾಟ ನಡೆಯುವ ಜಾಗ. ಮೂರೂ ಮನೆಯ ಮಕ್ಕಳು ಒಂದೇ ದಿನ ಒಂದೇ ಕಡೆ ಸೇರಬಹುದಾದ ಜಾಗವೂ ಇದೇ, ಆದರೆ ಒಂದೇ ಅಂಚಿನಲ್ಲಿ ಅಲ್ಲ. ವಾಲಗದವರ ಮಗ ಅಪ್ಪನ ಹಿಂದೆ ನಿಂತಿರುತ್ತಾನೆ, ಮಾಸ್ತರರ ಮಗಳು ಹೆಂಗಸರ ಜೊತೆ. ಇವರು ಕೈಕೈ ಹಿಡಿದು ಆಡಿದರು ಎಂದು ಬರೆದರೆ ಓದಲು ಹಿತ, ಕಾಲಕ್ಕೆ ದ್ರೋಹ. ಒಬ್ಬರನ್ನೊಬ್ಬರು ನೋಡಿದರು ಎಂದು ಬರೆಯಿರಿ. ಏನನ್ನು ನೋಡಿದರು ಎಂದು ವಿವರವಾಗಿ ಬರೆಯಿರಿ.

ಕಲಾವಿದರ ಮನೆಯಲ್ಲಿ ಮಗು ಸುಮ್ಮನೆ ಇರುವುದಿಲ್ಲ. ಕಲೆಗೆ ಬೇಕಾದ ಸಣ್ಣ ಕೆಲಸಗಳೆಲ್ಲ ಅದರ ಪಾಲಿಗೆ. ಕಾದಂಬರಿಯಲ್ಲಿ ಕಲೆಯನ್ನು ತೋರಿಸಲು ನಮಗೆ ಗೊತ್ತಿರುವ ಅತ್ಯಂತ ಒಳ್ಳೆಯ ದಾರಿ ಈ ಕೆಲಸಗಳು. ಕತ್ತಿಯ ಚೆಲುವನ್ನು ಹೊಗಳುತ್ತಾ ಒಂದು ಪುಟ ತುಂಬಿಸುವ ಬದಲು, ಎಂಟು ವರ್ಷದ ಹುಡುಗನನ್ನು ತಿದಿಯ ಮುಂದೆ ಕೂರಿಸಿ. ಕಬ್ಬಿಣದ ಬಣ್ಣ ಓದುವುದು ಅವನ ಮೊದಲ ಪಾಠ. ಕಪ್ಪುಗೆಂಪಿನಲ್ಲಿ ಬಡಿದರೆ ಬಗ್ಗದೆ ಸೀಳುತ್ತದೆ. ಹೊಳೆಯುವ ಕೆಂಪು, ಕಿತ್ತಳೆಗೆ ತಿರುಗಿದಾಗ ಬಡಿಯಲು ಹದ. ಬೆಳ್ಳಗಾಗಿ ಕಿಡಿ ಉದುರಿತೋ, ಲೋಹ ಸುಟ್ಟಿತು, ಆ ತುಂಡು ಹೋಯಿತು. ಅಲಗನ್ನು ಅತಿ ಕಾವಿನಲ್ಲಿ ನೀರಿಗೆ ಅದ್ದಿದರೆ ಟಣ್ ಎಂದು ಬಿರುಕು ಬಿಡುತ್ತದೆ. ಸರಿಯಾಗಿ ಅದ್ದಿದರೂ ಗಾಜಿನ ಹಾಗೆ ಗಡುಸು. ಮತ್ತೆ ಮೆಲ್ಲಗೆ ಕಾಯಿಸಿ, ಉಜ್ಜಿದ ಜಾಗದಲ್ಲಿ ಒಣಹುಲ್ಲಿನ ಹಳದಿ ಮೂಡಿದಾಗ ನಿಲ್ಲಿಸಬೇಕು. ತಿದಿ ಒಂದೇ ಸಮ ಊದದಿದ್ದರೆ ಇದು ಯಾವುದೂ ಆಗುವುದಿಲ್ಲ. ಅಂದರೆ ಅಪ್ಪನ ಹೆಸರು ಉಳಿಯುವುದು ಮಗನ ತೋಳಿನ ಮೇಲೆ. ಮಗ ಒಂದು ದಿನ ಸಿಟ್ಟಿನಲ್ಲಿ ಬೇಕೆಂದೇ ಹೆಚ್ಚು ಊದಿದರೆ ಏನಾಗುತ್ತದೆ ಎಂದು ನಿಮಗೆ ಈಗ ಗೊತ್ತು.

ವಾಲಗದ ಮನೆಯಲ್ಲಿ ಶತ್ರು ಮಳೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿಯಲ್ಲೇ ನೀರು. ವಾದ್ಯದ ಚರ್ಮ ಸಡಿಲಾಗಿ ದನಿ ಇಳಿಯುತ್ತದೆ, ಬಾರಿಸುವ ಮುಂಚೆ ಕೆಂಡದ ಕಾವು ತೋರಿಸಬೇಕು. ಅವಸರಕ್ಕೆ ಹತ್ತಿರ ಹಿಡಿದರೆ ಅಂಚಿನಿಂದ ಸೀಳುತ್ತದೆ. ಕಾವು ತೋರಿಸುತ್ತಾ ಕೂರುವುದು ಮಕ್ಕಳ ಕೆಲಸ, ಸೀಳಿದರೆ ಬೈಗುಳವೂ ಮಕ್ಕಳಿಗೇ. ಇನ್ನೊಂದು ಮಾತು: ಜುಲೈನಲ್ಲಿ ಬಯಲಲ್ಲಿ ನಾಟಕ ಆಡಿಸಬೇಡಿ. ಪುತ್ತರಿ ಕಳೆದು, ಮಳೆಗಾಲ ಮತ್ತೆ ಶುರುವಾಗುವ ಮೊದಲಿನ ತಿಂಗಳುಗಳೇ ನಾಟಕದ ಕಾಲ. ಜಡಿಮಳೆಯ ಕಕ್ಕಡ ತಿಂಗಳಲ್ಲಿ ಮಾಸ್ತರರು ಒಲೆಯ ಪಕ್ಕ ಕೂತು ಬರೆಯಲಿ.

ನಾಟಕದ ಮನೆಯ ವಿಷಯ ಸ್ವಲ್ಪ ಹೆಚ್ಚೇ ಹೇಳಬೇಕು, ಕಾದಂಬರಿಯ ತಿರುಳು ಸಿಗುವುದು ಅಲ್ಲಿ. ಕೊಡಗಿಗೆ ಇದು ಹೊರಗಿನ ವಿಷಯವೂ ಅಲ್ಲ. ಹರದಾಸ ಅಪ್ಪಚ್ಚಕವಿ, 1868ರಿಂದ 1944ರವರೆಗೆ ಬದುಕಿದವರು, ಕೊಡವ ತಕ್ಕ್‌ನ, ಅಂದರೆ ಕೊಡವ ಭಾಷೆಯ, ನಾಟಕಗಳನ್ನು ಕನ್ನಡ ಲಿಪಿಯಲ್ಲಿ ಬರೆದರು. ಪಂಜೆ ಮಂಗೇಶರಾಯರು ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಮಾಸ್ತರರು ಸಾಹಿತಿಗಳೂ ಆಗಿರುವುದು ಇಲ್ಲಿ ಹೊಸದೇನಲ್ಲ. ಇಂಥ ನಿಜ ವ್ಯಕ್ತಿಗಳನ್ನು ಕಥೆಯೊಳಗೆ ತಂದರೆ ದೂರದಿಂದ ಮಾತ್ರ ತೋರಿಸಿ. ನಿಮ್ಮ ಮಾತನ್ನು ಅವರ ಬಾಯಿಗೆ ಹಾಕಬೇಡಿ.

ಆಗ ಪ್ರತಿ ಪಾತ್ರಧಾರಿಗೂ ಪೂರ್ತಿ ನಾಟಕದ ಪ್ರತಿ ಕೊಡುತ್ತಿರಲಿಲ್ಲ. ಅವನ ಮಾತು, ಅದಕ್ಕೆ ಮುಂಚೆ ಇನ್ನೊಬ್ಬ ಹೇಳುವ ಕೊನೆಯ ಎರಡು ಮೂರು ಪದ, ಅಷ್ಟೇ ಬರೆದ ಹಾಳೆ. ಇದನ್ನು ಕೈಯಲ್ಲಿ ನಕಲು ಮಾಡಬೇಕು. ಮಾಡುವವಳು 11 ವರ್ಷದ ಮಗಳು. ಎಲ್ಲರ ಹಾಳೆಯನ್ನೂ ಬರೆದವಳಾದ್ದರಿಂದ ಪೂರ್ತಿ ನಾಟಕ ಬಾಯಿಗೆ ಬರುವುದು ಅವಳೊಬ್ಬಳಿಗೆ, ರಂಗದ ಮೇಲೆ ಹೋಗಲಾಗದವಳೂ ಅವಳೇ. ದೀಪದ ಗಾಜಿನ ಬುರುಡೆಗಳನ್ನು ಬೂದಿ ಹಾಕಿ ಉಜ್ಜುವುದು ಸಣ್ಣವನ ಪಾಲು. ಅವನ ಕೈ ಮಾತ್ರ ಒಳಗೆ ಹೋಗುತ್ತದೆ. ಮುಖದ ಬಣ್ಣಕ್ಕೆ ಅರದಾಳ, ಇಂಗಳೀಕ ಅರೆದು ಕೊಬ್ಬರಿ ಎಣ್ಣೆಯಲ್ಲಿ ಕಲಸುತ್ತಾರೆ. ಒಂದರಲ್ಲಿ ಪಾಷಾಣ, ಇನ್ನೊಂದರಲ್ಲಿ ಪಾದರಸ. ಅರೆದ ಬೆರಳನ್ನು ಮಗು ಬಾಯಿಗೆ ಇಡದಂತೆ ನೋಡುವವರು ಯಾರು? ಅವರ ಹೆಸರೂ ಆ ಚೌಕದಲ್ಲಿ ಬೇಕು.

ಇನ್ನು ದೊಡ್ಡ ಹುಡುಗ. ಕಂಪನಿ ನಾಟಕಗಳ ಆ ಕಾಲದಲ್ಲಿ ಸ್ತ್ರೀಪಾತ್ರ ಹುಡುಗರಿಗೆ. ಹತ್ತನೇ ವಯಸ್ಸಿನಿಂದ ಅವನೇ ಅಪ್ಪನ ನಾಯಕಿ. ಹಾರ್ಮೋನಿಯಂನ ಐದನೇ ಕಪ್ಪು ಮನೆಗೆ ಶ್ರುತಿ ಇಟ್ಟು ಹಾಡುತ್ತಾನೆ. ಅಪ್ಪ ಹಾಡು ಕಟ್ಟುವುದೇ ಆ ಕಂಠಕ್ಕೆ. 13, 14ಕ್ಕೆ ಕಂಠ ಒಡೆಯುತ್ತದೆ. ಇದು ಒಂದೇ ರಾತ್ರಿಯ ಮಾತಲ್ಲ. ಮೊದಲು ಮೇಲಿನ ಸ್ವರಗಳು ಜಾರುತ್ತವೆ, ಮಾತಿನಲ್ಲಿ ಕರಕರ ಶುರುವಾಗುತ್ತದೆ, ಕೆಲವು ತಿಂಗಳು ಎರಡೂ ದನಿ ಒಟ್ಟಿಗೆ ಇರುತ್ತವೆ. ಕೊನೆಗೆ ಕೆಳಗಿನ ಮೊದಲ ಬಿಳಿ ಮನೆಯ ಸುತ್ತಮುತ್ತ ನಿಲ್ಲುತ್ತದೆ. ಹುಡುಗನಿಗೆ ಇದು ಮೊದಲೇ ಗೊತ್ತಾಗುತ್ತದೆ, ಅವನು ಮುಚ್ಚಿಡುತ್ತಾನೆ. ಈಗ ಕೋಷ್ಟಕ ನೋಡಿ: ಅವನಿಗೆ 14 ತುಂಬುವುದು 1918ರಲ್ಲಿ. ಅದೇ ವರ್ಷದ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ದೇಶದ ತುಂಬ ಇನ್‌ಫ್ಲುಯೆಂಜಾ. ಗಂಟಲು ಕಟ್ಟಿರುವುದು ಜ್ವರದಿಂದಲೋ ವಯಸ್ಸಿನಿಂದಲೋ? ಅಪ್ಪ ಜ್ವರ ಎಂದು ನಂಬಲು ಬಯಸುತ್ತಾನೆ. ತಮ್ಮನಿಗೆ ಆರೇ ವರ್ಷ, ಬದಲಿಗೆ ನಿಲ್ಲಿಸುವಂತಿಲ್ಲ. ಆ ಎತ್ತರದ ಕಂಠ ಇರುವುದು ವಾಲಗದವರ ಹುಡುಗನಿಗೆ, ಅವನನ್ನು ರಂಗಕ್ಕೆ ಹತ್ತಿಸಲು ಊರು ಒಪ್ಪುವುದಿಲ್ಲ. ಇದ್ಯಾವುದನ್ನೂ ಯೋಚಿಸಿ ಹೆಣೆಯಬೇಕಾಗಲಿಲ್ಲ. ಮೂರು ಸಾಲುಗಳ ವಯಸ್ಸನ್ನು ಅಕ್ಕಪಕ್ಕ ಇಟ್ಟೆವು, ಅಷ್ಟೇ.

ಬರೆಯುವ ತಾಯಿಯೊಬ್ಬಳು ಬೇಕಿದ್ದರೆ 1930ರ ದಶಕಕ್ಕೆ ಬನ್ನಿ. ಕಥೆಗಾರ್ತಿ ಕೊಡಗಿನ ಗೌರಮ್ಮ ಹುಟ್ಟಿದ್ದು 1912ರಲ್ಲಿ, ನೀರಿನಲ್ಲಿ ಮುಳುಗಿ ತೀರಿಕೊಂಡದ್ದು 1939ರಲ್ಲಿ. 27 ವರ್ಷವಷ್ಟೇ. ಕಥೆಗಳ ಕೆಳಗೆ ಅವರು ಹಾಕುತ್ತಿದ್ದ ಹೆಸರು ಮಿಸೆಸ್ ಬಿ.ಟಿ.ಜಿ. ಕೃಷ್ಣ. ಗಂಡನ ಹೆಸರಿನೊಳಗೆ ತನ್ನ ಹೆಸರನ್ನು ಇಟ್ಟು ಬರೆದ ಕಾಲ ಅದು. ನಿಮ್ಮ ಕಾದಂಬರಿಯ ಮಾಸ್ತರರ ಮಗಳು ದೊಡ್ಡವಳಾಗಿ ಬರೆದರೆ, ಅಚ್ಚಾದ ಪುಟದಲ್ಲಿ ಅವಳ ಹೆಸರು ಹೇಗೆ ಕಾಣುತ್ತದೆ ಎಂದು ಮೊದಲೇ ಗೊತ್ತುಮಾಡಿ.

ಹೆಸರುಗಳಲ್ಲಿ ಇನ್ನೂ ಒಂದು ತೊಡಕಿದೆ. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮುಂದೆ, ಸ್ವಂತ ಹೆಸರು ಹಿಂದೆ. ಮದುವೆಯಾದ ಮೇಲೆ ಹೆಣ್ಣಿನ ಒಕ್ಕ ಬದಲಾಗುತ್ತದೆ. ಕೇಳಲು ಚೆನ್ನಾಗಿದೆ ಎಂದು ಒಂದು ಮನೆ ಹೆಸರು ಕಟ್ಟಿದರೆ ಅದು ಯಾವುದೋ ನಿಜವಾದ ಐನ್‌ಮನೆಯದೇ, ಒಂದು ಒಕ್ಕದ ಮೂಲ ಮನೆಯದೇ, ಆಗಿರಬಹುದು, ಕಥೆಯ ಕಳಂಕ ಅವರಿಗೆ ಅಂಟುತ್ತದೆ. ಮೇಲಿನ ಮನೆ, ಹೊಳೆಕರೆ ಮನೆ ಎಂದು ಜಾಗದಿಂದ ಕರೆಯುವುದು ಕ್ಷೇಮ. ಕೊಡವ ತಕ್ಕ್‌ನಲ್ಲಿ ಅಮ್ಮ ಅವ್ವ, ಅಜ್ಜಿ ತಾಯಿ. ಮಗು 'ತಾಯಿ' ಎಂದು ಕೂಗಿದಾಗ ಅಮ್ಮನನ್ನು ಎದ್ದು ಬರಿಸಿದರೆ ಇಡೀ ಮನೆ ತಪ್ಪಾಯಿತು.

ದುಡ್ಡು, ದೂರ ಬೇಗ ಮುಗಿಸೋಣ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಐವತ್ತು ಪೈಸೆ ಎಂಬ ಮಾತು 1957ರ ಏಪ್ರಿಲ್‌ಗೆ ಮುಂಚೆ ಇಲ್ಲ, ಎಂಟಾಣೆ ಅನ್ನಿ. ಕೊಡಗಿಗೆ ರೈಲಿಲ್ಲ. ಮೈಸೂರು ಸುಮಾರು 120 ಕಿಲೋಮೀಟರ್, ಹೇರು ಹೊತ್ತ ಎತ್ತಿನ ಗಾಡಿ ದಿನಕ್ಕೆ ಸುಮಾರು 25. ನಾಟಕದ ಪರದೆಗಳು ಮೈಸೂರಿನಿಂದ ಬರಬೇಕಾದರೆ ಐದು ದಿನ. ಮೈಸೂರು ಆಗ ಬೇರೆ ರಾಜ್ಯ. ಕೊಡಗು ಅದರ ಜೊತೆ ಸೇರಿದ್ದು 1956ರ ನವೆಂಬರ್ 1ರಂದು.

ಕಡೆಯದಾಗಿ, ಮೊಮ್ಮಕ್ಕಳ ಕೈಗೆ ಏನು ಸಿಗುತ್ತದೆ ಎಂಬ ಲೆಕ್ಕ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಪ್ರಕಟಿಸಿದರು. 2003ರಲ್ಲಿ ಅದನ್ನು ಇಂಗ್ಲಿಷಿಗೆ ತಂದವರು ಅವರ ಮೊಮ್ಮಕ್ಕಳು. ನಡುವೆ 79 ವರ್ಷ. ಅಚ್ಚಾದದ್ದಕ್ಕೆ ಅಷ್ಟು ಆಯಸ್ಸು. ನಿಮ್ಮ ಕಥೆಯ ಮನೆಗಳಲ್ಲಿ ಅಚ್ಚಾಗದೇ ಇದ್ದದ್ದೇ ಹೆಚ್ಚು. ಪೀಚೆಕತ್ತಿಯ ಬೆಳ್ಳಿ ಹಿಡಿ ಕಪ್ಪಾದರೂ ಉಳಿಯುತ್ತದೆ. ವಾದ್ಯದ ಮರ ಉಳಿಯುತ್ತದೆ, ಚರ್ಮ ಉಳಿಯುವುದಿಲ್ಲ. ಪೆಟ್ಟಿಗೆಯಲ್ಲಿಟ್ಟ ಕಾಗದ ಗೆದ್ದಲಿಗೆ, ಬೂಷ್ಟಿಗೆ. ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆಯಲ್ಲಿ ಇದ್ದದ್ದು ಕಂದಿದರೂ ಓದಲು ಬರುತ್ತದೆ. ಅಲ್ಲಿ ಒಂದು ಪಾತ್ರದ ಹಾಳೆ ಸಿಗಲಿ. ನಾಯಕಿಯ ಮಾತುಗಳ ನಡುವೆ ಒಂದು ಹಾಡನ್ನು ಹೊಡೆದು ಹಾಕಿ, ಪಕ್ಕದಲ್ಲಿ ಅದನ್ನೇ ಮಾತಿನಲ್ಲಿ ಬರೆದಿರಲಿ. ಹೊಡೆದು ಹಾಕಿದ್ದು ಅಪ್ಪನಲ್ಲ, ನಕಲು ಮಾಡುವ ತಂಗಿ. ಅಕ್ಷರದ ಗಾತ್ರ, ಒತ್ತಿ ಬರೆದ ರೀತಿ, ಇವನ್ನು ವರ್ಣಿಸುವ ಮುಂಚೆ ಕೋಷ್ಟಕಕ್ಕೆ ಹಿಂತಿರುಗಿ ನೋಡಿ: 1918, ಅವಳಿಗೆ 11.