ಎದಿ ತಗದ ಮ್ಯಾಲ ಮತ್ತ ಕಟ್ಟಿಸ್ಕೋಬಹುದೇನ್ರಿ? ಆಪರೇಷನ್‌ಗೆ ಮೊದ್ಲ ಇದನ್ನ ಕೇಳ್ರಿ

ನಮಸ್ಕಾರ್ರಿ ಎಲ್ಲಾರಿಗೂ. ಇವತ್ತಿನ ವಿಷಯ ಗಂಡಸ್ರ ಮುಂದ ಬಿಡ್ರಿ, ಅಕ್ಕ ತಂಗಿ ನಡುವ ಸುದ್ದಾ ಬಾಯಿ ಬಿಟ್ಟು ಮಾತಾಡೂದು ಕಡಿಮಿ. ಕ್ಯಾನ್ಸರ್ ಆಗಿ ಎದಿ ಪೂರ್ತಿ ತಗದ ಮ್ಯಾಲ ಅದನ್ನ ಮತ್ತ ಕಟ್ಟಿಸ್ಕೊಳ್ಳಾಕ ಬರ್ತೈತೇನು? ಬರ್ತೈತ್ರಿ. ಡಾಕ್ಟರ್‌ಗಳು ಇದಕ್ಕ ಬ್ರೆಸ್ಟ್ ರೀಕನ್‌ಸ್ಟ್ರಕ್ಷನ್ ಅಂತಾರ. ಆದ್ರ ನಮ್ಮ ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಭಾಳ ಮಂದಿಗೆ ಇದು ಗೊತ್ತಾಗೂದು ಯಾವಾಗ ಅಂದ್ರ, ಆಪರೇಷನ್ ಆಗಿ, ಹೊಲಿಗಿ ಬಿಚ್ಚಿ, ಕೀಮೋನೂ ಮುಗದ ಮ್ಯಾಲ. ಅದಕ್ಕ ನಾ ಹೇಳೂದು ಒಂದ ಮಾತು, ಮಾಡಿಸ್ಕೊಳ್ಳೂದು ಬಿಡೂದು ನಿಮ್ಮ ಇಷ್ಟ, ಆದ್ರ ಎದಿ ತಗಿಯೂಕಿಂತ ಮೊದ್ಲ ಡಾಕ್ಟರ್‌ನ ಕೇಳ್ರಿ.

ಮೊದ್ಲ ಯಾಕ ಅಂದ್ರ, ಚರ್ಮದ ಸಲುವಾಗಿ. ಅದ ಆಪರೇಷನ್‌ದಾಗ ಹೊಸಾ ಎದಿ ಕಟ್ಟೂದು ಅಂತ ಮೊದ್ಲ ಪ್ಲಾನ್ ಆಗಿದ್ರ, ಗಂಟು ಚರ್ಮಕ್ಕ ಹತ್ತಿರಲಿಲ್ಲಂದ್ರ, ಸರ್ಜನ್ ಮ್ಯಾಲಿನ ಚರ್ಮ ಉಳಿಸಿ ಒಳಗಿಂದಷ್ಟ ತಗೀತಾರ. ಇಲ್ಲಂದ್ರ ಚರ್ಮಾನೂ ತಗದು ಎದಿ ಸಪಾಟ ಆಗೂವಂಗ ಹೊಲೀತಾರ, ಆಮ್ಯಾಲ ಕಟ್ಟಬೇಕಂದ್ರ ಆಗೂದಿಲ್ಲ ಅಂತಲ್ಲ, ವರ್ಷಗಟ್ಟಲೆ ಬಿಟ್ಟೂ ಮಾಡಿಸ್ಕೋಬಹುದು, ಆದ್ರ ಚರ್ಮ ಬ್ಯಾರೆ ಕಡಿಂದ ತರಬೇಕು ಇಲ್ಲಾ ಇದ್ದದ್ದನ್ನ ಹಿಗ್ಗಿಸಬೇಕು. ಇನ್ನೊಂದು ರೇಡಿಯೇಷನ್, ನಮ್ಮ ಮಂದಿ ಕರೆಂಟ್ ಕೊಡೂದು ಅಂತಾರಲ್ಲ, ಅದು. ನಿಮಗ ಕರೆಂಟ್ ಬೇಕಾಗ್ತೈತೋ ಇಲ್ಲೋ ಅನ್ನೂದರ ಮ್ಯಾಲ ಯಾವಾಗ ಕಟ್ಟಬೇಕು, ಯಾವುದರಿಂದ ಕಟ್ಟಬೇಕು ಅನ್ನೂದೆಲ್ಲಾ ನಿಂತಿರ್ತೈತಿ.

ಸ್ಕ್ರೀನ್ ಮ್ಯಾಲ: ಇಂಪ್ಲಾಂಟ್ ಚಿತ್ರ

ಒಂದು ದಾರಿ ಇಂಪ್ಲಾಂಟ್. ಒಳಗ ಸಿಲಿಕಾನ್ ಜೆಲ್ ಇರೂ ಮೆತ್ತನ್ನ ಚೀಲ. ಅಮೆರಿಕಾದ ಹ್ಯೂಸ್ಟನ್‌ನಾಗ 1962ರಾಗ ಮೊದಲ ಸಲ ಹಾಕಿದ್ರು. ಚರ್ಮ ಸಾಲಲಿಲ್ಲಂದ್ರ ಮೊದ್ಲ ಎಕ್ಸ್‌ಪಾಂಡರ್ ಅಂತ ಖಾಲಿ ಚೀಲ ಇಟ್ಟು, ವಾರಕ್ಕೊಮ್ಮೆ ಎರಡು ವಾರಕ್ಕೊಮ್ಮೆ ಸೂಜಿಲೆ ಸಲೈನ್ ತುಂಬ್ಕೋತ ಹೋಗ್ತಾರ, ಚರ್ಮ ಹಿಗ್ಗಿದ ಮ್ಯಾಲ ಅದನ್ನ ತಗದು ಇಂಪ್ಲಾಂಟ್ ಇಡ್ತಾರ. ಆಪರೇಷನ್ ಸಣ್ಣದು, ಲಗೂನ ಮನಿಗೆ ಬರ್ತೀರಿ. ಆದ್ರ ಇದು ಜೀವನಪೂರ್ತಿ ಇರೂ ವಸ್ತು ಅಲ್ಲ, ಮುಂದೊಂದಿನ ಬದಲಿ ಮಾಡಬೇಕಾಗಬಹುದು. ಕರೆಂಟ್ ತಗೊಂಡ ಎದಿಯೊಳಗ ಇದರ ಸುತ್ತಲಿನ ಪದರ ಬಿಗಿಯಾಗಿ, ಗಟ್ಟಿಯಾಗಿ, ನೋವು ಬರೂದು ಜಾಸ್ತಿ.

ಇನ್ನೊಂದು ದಾರಿ ನಮ್ಮ ಮೈಯಾಂದ. ಬೆನ್ನಿನ ಸ್ನಾಯು ತಿರುಗಿಸಿ ತರೂ ವಿದ್ಯಾ ಹಳೇದು, ಇಟಲಿಯ ತಾನ್ಸೀನಿ ಅನ್ನೂ ಸರ್ಜನ್ 1906ರಾಗ ಬರದಿಟ್ಟಾನ. ಈಗ ಹೆಚ್ಚು ಮಾತಿನ್ಯಾಗ ಇರೂದು ಡಯಪ್ ಫ್ಲಾಪ್, ಹೊಟ್ಟಿ ಕೆಳಗಿನ ಚರ್ಮ ಮತ್ತ ಕೊಬ್ಬು ತಗದು, ಸ್ನಾಯು ಅಲ್ಲೇ ಬಿಟ್ಟು, ರಕ್ತನಾಳ ಸಮೇತ ತಂದು ಎದಿಗೆ ಹಚ್ಚೂದು. ಬ್ಯಾಡಗಿ ಕಡೆ ಮೆಣಸಿನಕಾಯಿ ಸಸಿ ಬೇರು ಸಮೇತ ಕಿತ್ತು ಹೊಲಕ್ಕ ಹಚ್ತಾರಲ್ಲ, ಹಂಗ, ಬೇರಿಗೆ ನೀರು ಸಿಕ್ಕರಷ್ಟ ಬದುಕ್ತೈತಿ. ಇಲ್ಲಿ ಬೇರಂದ್ರ 2-3 ಮಿಲಿಮೀಟರ್ ದಪ್ಪದ ರಕ್ತನಾಳ, ಅದನ್ನ ಮೈಕ್ರೋಸ್ಕೋಪಿನ ಕೆಳಗ ಕೂದಲಕ್ಕಿಂತ ಸಣ್ಣ ದಾರದಿಂದ ಎದಿಯ ರಕ್ತನಾಳಕ್ಕ ಹೊಲೀತಾರ. 6ರಿಂದ 8 ತಾಸು, ಒಮ್ಮೊಮ್ಮೆ ಇನ್ನೂ ಜಾಸ್ತಿ ಹಿಡೀತೈತಿ. ಮೊದಲ ಎರಡು ದಿನ ರಾತ್ರಿ ಹಗಲು ತಾಸಿಗೊಮ್ಮೆ ನರ್ಸ್ ಬಂದು, ಬೆಚ್ಚಗೈತೇನು ಅಂತ ಮುಟ್ಟಿ ನೋಡ್ತಾರ, ಬೆರಳಿಂದ ಒತ್ತಿ ಬಿಟ್ಟು ಬಣ್ಣ ತಿರುಗಿ ಬರ್ತೈತೇನು ನೋಡ್ತಾರ, ಸಣ್ಣ ಡಾಪ್ಲರ್ ಮಷಿನ್ ಹಚ್ಚಿ ರಕ್ತ ಓಡೂ ಸಪ್ಪಳ ಕೇಳ್ತಾರ. ನಿದ್ದಿ ಕೆಡ್ತೈತಿ ಅಂತ ಬೈಬ್ಯಾಡ್ರಿ, ರಕ್ತನಾಳ ಬಂದ್ ಆಗಿದ್ದು ಆಗ ಗೊತ್ತಾದ್ರ ತಕ್ಷಣ ಆಪರೇಷನ್ ಥಿಯೇಟರ್‌ಗೆ ಒಯ್ದು ಉಳಿಸಾಕ ಬರ್ತೈತಿ.

ಅದಕ್ಕ ತಂಬಾಕು ಬಿಡಲೇಬೇಕ್ರಿ. ಬೀಡಿ ಸಿಗರೇಟ್ ಅಷ್ಟ ಅಲ್ಲ, ಎಲಿ ಅಡಿಕಿ ಜೋಡಿ ಹಾಕ್ಕೊಳ್ಳೂದು, ಹಲ್ಲಿಗೆ ತಿಕ್ಕೊಳ್ಳೂ ತಂಬಾಕು ಪುಡಿ ಎಲ್ಲಾ ಬಂತು. ನಿಕೋಟಿನ್ ರಕ್ತನಾಳ ಕುಗ್ಗಿಸ್ತೈತಿ, ಹಚ್ಚಿದ್ದು ಸತ್ತ ಹೋಗಬಹುದು. ಕಡಿಮಿ ಅಂದ್ರೂ ನಾಕು ವಾರ ಮೊದ್ಲ ಬಂದ್ ಮಾಡ್ರಿ, ಡಾಕ್ಟರ್ ಮುಂದ ನಾಚ್ಕೊಂಡು ಮುಚ್ಚಿಡಬ್ಯಾಡ್ರಿ. ಶುಗರ್ ಇದ್ರ ಅದನ್ನೂ ಹತೋಟಿಗೆ ತರಬೇಕು.

ಹೊಸಾ ಎದಿಗೆ ಮೊದಲಿನಂಗ ಸ್ಪರ್ಶ ತಿಳಿಯೂದಿಲ್ಲ, ಸ್ವಲ್ಪ ತಿರುಗಿ ಬಂದ್ರೂ ಪೂರ್ತಿ ಬರೂದು ಕಡಿಮಿ. ಹಿಂಗಾಗಿ ಬಿಸಿನೀರಿನ ಚೀಲ ಇಟ್ಕೊಂಡ್ರ ಸುಟ್ಟದ್ದೂ ಗೊತ್ತಾಗೂದಿಲ್ಲ, ಹುಷಾರ್. ಮೊಲಿ ತೊಟ್ಟು ಆಮ್ಯಾಲ ಬ್ಯಾರೆ ಮಾಡ್ತಾರ, ಇಲ್ಲಾ ಟ್ಯಾಟೂ ಹಾಕ್ತಾರ. ಮತ್ತ ಎದಿ ಕಟ್ಟಿಸ್ಕೊಂಡ್ರ ಕ್ಯಾನ್ಸರ್ ತಿರುಗಿ ಬರ್ತೈತಿ ಅನ್ನೂ ಅಂಜಿಕಿ ಬಿಡ್ರಿ, ಕಟ್ಟಿಸ್ಕೊಂಡಿದ್ದರಿಂದ ಅದು ಹೆಚ್ಚಾಗೂದಿಲ್ಲ, ಚೆಕಪ್ ಮಾತ್ರ ತಪ್ಪಿಸಬ್ಯಾಡ್ರಿ.

"ಈ ವಯಸ್ಸಿನ್ಯಾಗ ಯಾಕ ಬೇಕವ್ವಾ ನಿನಗ" ಅಂತಾರಲ್ಲ, ಆ ಮಾತು ಕೇಳಿದ್ರ ನನಗ ಭಾಳ ಕೆಟ್ಟ ಅನಸ್ತೈತಿ. ಇದು ಶೋಕಿ ಅಲ್ರಿ. ದಿನಾ ಜಂಪರ್ ತೊಡೂವಾಗ, ಸೆರಗು ಎಳಕೊಳ್ಳುವಾಗ ಅಕಿಗೆ ಏನ ಅನಸ್ತೈತಿ ಅಂತ ಅಕಿಗಷ್ಟ ಗೊತ್ತು. ಬರೇ ವಯಸ್ಸು ನೋಡಿ ಯಾರೂ ಬ್ಯಾಡ ಅನ್ನೂದಿಲ್ಲ, ಮೈಯಾಗಿನ ಆರೋಗ್ಯ ನೋಡ್ತಾರ. ಹಂಗಂತ ನನಗ ಇನ್ನೊಂದು ಆಪರೇಷನ್ ಬ್ಯಾಡ ಅಂದ್ರ ಅದೂ ಪೂರಾ ಸರಿ. ಭಾಳ ಮಂದಿ ಜಂಪರಿನೊಳಗ ಅರವಿ ಮಡಚಿ ಇಟ್ಕೋತಾರ, ಅದು ಹಗುರ, ಕೈ ಎತ್ತಿದ್ರ ಮ್ಯಾಲ ಸರದ ಬಿಡ್ತೈತಿ. ಅದರ ಬದ್ಲಿ ಬ್ರಾದಾಗ ಇಡೂ ಸಿಲಿಕಾನ್ ಎದಿ ಸಿಗ್ತೈತಿ, ತೂಕ ಇರ್ತೈತಿ, ಜಾಗಾ ಬಿಡೂದಿಲ್ಲ. ಗಾಯ ಪೂರ್ತಿ ಮಾಯೂತನಕ ಹಗುರಾದ ಹತ್ತಿದ್ದು ಹಾಕ್ಕೊಳ್ರಿ.

ನವನಗರದ ಕ್ಯಾನ್ಸರ್ ಆಸ್ಪತ್ರಿಗೆ ಚಿಗರಿ ಬಸ್ ಹತ್ತಿ ಹೋಗ್ರಿ, ಹುಬ್ಬಳ್ಳಿ ಕಿಮ್ಸ್‌ಗೆ ಹೋಗ್ರಿ, ಎಲ್ಲೇ ತೋರಿಸಿದ್ರೂ, ಪ್ಲಾಸ್ಟಿಕ್ ಸರ್ಜನ್ ಯಾರದಾರ, ನನಗ ಕರೆಂಟ್ ಬೇಕಾಗ್ತೈತೇನು, ಚರ್ಮ ಉಳಿಸಾಕ ಬರ್ತೈತೇನು, ಇಷ್ಟು ಚೀಟಿಯಾಗ ಬರಕೊಂಡು ಒಯ್ಯಿರಿ. ಬಿಪಿಎಲ್ ಕಾರ್ಡಿದ್ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಕುಟುಂಬಕ್ಕ ವರ್ಷಕ್ಕ 5 ಲಕ್ಷದ ತನಕ ಐತಿ, ಆದ್ರ ನಿಮ್ಮ ಆಪರೇಷನ್‌ದಾಗ ಯಾವುದು ಅದರಾಗ ಬರ್ತೈತಿ, ಯಾವುದು ಕೈಯಿಂದ ಕಟ್ಟಬೇಕು ಅಂತ ಅಡ್ಮಿಟ್ ಆಗೂದಕ್ಕ ಮೊದ್ಲ ಆಸ್ಪತ್ರಿಯಾಗ ಈ ಯೋಜನೆ ಬಗ್ಗೆ ಮಾಹಿತಿ ಕೊಡೂ ಆರೋಗ್ಯ ಮಿತ್ರನ್ನ ಕೇಳಿ ಪಕ್ಕಾ ಮಾಡ್ಕೊಳ್ರಿ.