ಬೊಂಡಾಸ ಸಾರಿನಿಂದ ಆಸ್ತಿ ಪಾಲಿನವರೆಗೆ: ನಮ್ಮ ಕರಾವಳಿಯ ಷರಿಯಾ

[ದೃಶ್ಯ: ಭಟ್ಕಳದ ಮೀನು ಮಾರ್ಕೆಟ್, ಬೆಳಗಿನ ಹೊತ್ತು. ಬುಟ್ಟಿಯಲ್ಲಿ ಬೊಂಡಾಸ, ಪಕ್ಕದಲ್ಲಿ ಬಂಗಡೆ.]

ನಮಸ್ಕಾರ. ಈ ಬೊಂಡಾಸ (ಸ್ಕ್ವಿಡ್) ನೋಡಿ. ಇಲ್ಲಿ ಭಟ್ಕಳದ ನವಾಯತರ, ಅಂದರೆ ಈ ಕರಾವಳಿಯ ಮುಸ್ಲಿಂ ಸಮುದಾಯದವರ, ಮನೆಯಲ್ಲಿ ಇದರ ಸಾರು ಮಾಡಿದರೆ ಯಾರೂ ಎರಡನೇ ಮಾತಾಡುವುದಿಲ್ಲ. ಇದೇ ಬೊಂಡಾಸವನ್ನು ಘಟ್ಟ ಹತ್ತಿಸಿ ಶಿರಸಿಗೆ, ಮನೆಯಲ್ಲಿ ಉರ್ದು ಮಾತಾಡುವ ನನ್ನ ಗೆಳೆಯನ ಅಡುಗೆಮನೆಗೆ ಒಯ್ದರೆ ಅವನ ಅಮ್ಮಿ ಚೀಲ ಬಿಚ್ಚಿ ನೋಡಿ, "ಬೇಡ ಬೇಟಾ, ನಮಗೆ ಇದು ನಡೆಯೋದಿಲ್ಲ" ಅನ್ನುತ್ತಾರೆ. ಎರಡೂ ಮನೆಯವರು ಐದು ಹೊತ್ತು ನಮಾಜು ಮಾಡುವವರೇ. ಇಬ್ಬರೂ ಷರಿಯಾ ಪಾಲಿಸುತ್ತೇವೆ ಅನ್ನುವವರೇ. ಹಾಗಾದರೆ ಯಾರದ್ದು ಸರಿ?

ಇಬ್ಬರದ್ದೂ. ಅದು ಹೇಗೆ ಅಂತ ತಿಳಿದರೆ, ಟಿವಿ ಚರ್ಚೆಗಳಲ್ಲಿ ದಿನಾ ಕಿವಿಗೆ ಬೀಳುವ 'ಷರಿಯಾ' ಅನ್ನೋ ಪದದ ಗೊಂದಲ ಅರ್ಧ ಕಳೆಯುತ್ತದೆ.

ಅರಬಿ ಭಾಷೆಯಲ್ಲಿ ಈ ಪದಕ್ಕೆ ಮೂಲದಲ್ಲಿ ನೀರಿರುವ ಕಡೆಗೆ ಹೋಗುವ ದಾರಿ ಅಂತ ಅರ್ಥ. ಅದೊಂದು ಪುಸ್ತಕ ಅಲ್ಲ. ಅಂಗಡಿಗೆ ಹೋಗಿ 'ಷರಿಯಾ ಕೊಡಿ' ಅಂತ ಕೇಳಲು ಬರುವುದಿಲ್ಲ. ಕುರಾನ್ ಇದೆ. ಪ್ರವಾದಿಯವರ ನಡೆನುಡಿಯ ಹದೀಸ್‌ಗಳಿವೆ. ಇವನ್ನು ಓದಿ, ವಾದ ಮಾಡಿ, 'ಈ ಸಂದರ್ಭದಲ್ಲಿ ಹೀಗೆ' ಅಂತ ವಿದ್ವಾಂಸರು ಕಟ್ಟಿದ ಕಾನೂನಿಗೆ ಫಿಕ್ಹ್ ಅನ್ನುತ್ತಾರೆ. ದಾರಿ ದೇವರದ್ದು, ಅದರ ನಕ್ಷೆ ಬರೆದದ್ದು ಮನುಷ್ಯರು. ಸುನ್ನಿಗಳಲ್ಲಿ ಅಂಥ ನಾಲ್ಕು ನಕ್ಷೆ ಉಳಿದುಕೊಂಡಿವೆ: ಹನಫಿ, ಮಾಲಿಕಿ, ಶಾಫಿ, ಹಂಬಲಿ. ಶಿಯಾಗಳದ್ದು ಬೇರೆ.

ನಮ್ಮ ಕರಾವಳಿಯ ನವಾಯತರು ಶಾಫಿ. ಅರಬ್ ವ್ಯಾಪಾರಿಗಳ ಜೊತೆ ಸಮುದ್ರದ ದಾರಿಯಲ್ಲಿ ಬಂದದ್ದು ಅದು. ಘಟ್ಟದ ಮೇಲಿನ ಉರ್ದು ಮಾತಾಡುವವರು ಹೆಚ್ಚಾಗಿ ಹನಫಿ. ಅದು ಉತ್ತರದ ಸುಲ್ತಾನರ ಕಾಲದಲ್ಲಿ ನೆಲದ ದಾರಿ ಹಿಡಿದು ಬಂತು. ಶಾಫಿಗಳಲ್ಲಿ ಸಮುದ್ರದ ಜೀವಿ ಬಹುತೇಕ ಎಲ್ಲವೂ ಹಲಾಲ್: ಬೊಂಡಾಸ, ಬಳಚು. ಹನಫಿಗಳಲ್ಲಿ ಮೀನು ಮಾತ್ರ. ಸಿಗಡಿ ಮೀನೋ ಅಲ್ಲವೋ ಅಂತ ಹನಫಿ ವಿದ್ವಾಂಸರಲ್ಲೇ ಇವತ್ತಿಗೂ ವಾದವಿದೆ.

[ದೃಶ್ಯ: ಅಂಗಳದಲ್ಲಿ ನೆಟ್ಟ ಕೋಲು, ಉದ್ದವಾಗುತ್ತಿರುವ ನೆರಳು.]

ಸಂಜೆಯ ಅಸರ್ ನಮಾಜಿನ ಹೊತ್ತೂ ಹೀಗೇ. ಮಧ್ಯಾಹ್ನ ಇದ್ದ ನೆರಳನ್ನು ಕಳೆದು, ಕೋಲಿನಷ್ಟೇ ಉದ್ದ ನೆರಳು ಬಿದ್ದರೆ ಶಾಫಿಗಳಿಗೆ ಹೊತ್ತಾಯಿತು. ಹನಫಿಗಳು ಸಾಮಾನ್ಯವಾಗಿ ಎರಡರಷ್ಟಾಗುವ ತನಕ ಕಾಯುತ್ತಾರೆ.

ನನಗೆ ತುಂಬಾ ಇಷ್ಟವಾದ ವಿಷಯ ಒಂದಿದೆ. ಹನಫಿ ಪದ್ಧತಿಗೆ ಹೆಸರು ಕೊಟ್ಟ ಇಮಾಮ್ ಅಬೂ ಹನೀಫಾ ತೀರಿಕೊಂಡದ್ದು 767ರಲ್ಲಿ. ಶಾಫಿ ಪದ್ಧತಿಗೆ ಹೆಸರು ಕೊಟ್ಟ ಇಮಾಮ್ ಶಾಫಿ ಹುಟ್ಟಿದ್ದೂ ಅದೇ ವರ್ಷ. ಈ ಶಾಫಿ ಮೊದಲು ಬಾಗ್ದಾದಿನಲ್ಲಿ ಒಂದಷ್ಟು ತೀರ್ಪು ಕೊಟ್ಟರು. ಆಮೇಲೆ ಈಜಿಪ್ಟಿಗೆ ಹೋದರು, ಅಲ್ಲಿ ತಮ್ಮದೇ ಎಷ್ಟೋ ಅಭಿಪ್ರಾಯಗಳನ್ನು ಬದಲಿಸಿದರು. ಶಾಫಿ ಮದರಸಾಗಳಲ್ಲಿ ಇವತ್ತಿಗೂ 'ಹಳೆಯ ಮಾತು', 'ಹೊಸ ಮಾತು' ಅಂತ ಎರಡನ್ನೂ ಹೆಸರಿಟ್ಟೇ ಕಲಿಸುತ್ತಾರೆ. ಷರಿಯಾ ಯಾವತ್ತೂ ಬದಲಾಗಿಲ್ಲ ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

[ದೃಶ್ಯ: ಹೊನ್ನಾವರ, ಶರಾವತಿ ಸಮುದ್ರ ಸೇರುವ ಜಾಗ.]

ಈಗ ಹೊನ್ನಾವರ. 1340ರ ದಶಕದಲ್ಲಿ ಮೊರಾಕ್ಕೊದ ಇಬ್ನ್ ಬತೂತಾ ಇಲ್ಲಿಗೆ ಬಂದಿದ್ದ. ಅವನೇ ಒಬ್ಬ ಕಾಜಿ, ದಿಲ್ಲಿಯಲ್ಲಿ ನ್ಯಾಯ ಹೇಳಿದವನು. ಹೊನ್ನಾವರವನ್ನು ಅವನು 'ಹಿನಾವರ್' ಅಂತ ಬರೆದ. ಇಲ್ಲಿನ ಮುಸ್ಲಿಮರು ಶಾಫಿ ಪದ್ಧತಿಯವರು, ಸಮುದ್ರ ವ್ಯಾಪಾರದಿಂದ ಬದುಕುವವರು, ಇಲ್ಲಿನ ಹೆಂಗಸರಿಗೆ ಕುರಾನ್ ಬಾಯಿಪಾಠ ಅಂತ ಬರೆದ. ಊರಿನಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ನೋಡಿದೆ, ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಅಂತಲೂ ಬರೆದ. ಅರ್ಧ ಜಗತ್ತು ಸುತ್ತಿದವನು ಹೇಳಿದ ಮಾತು ಇದು! ಇಲ್ಲಿನ ಸುಲ್ತಾನ ಜಮಾಲುದ್ದೀನ್ 'ಹರಿಯಬ್' ಅನ್ನೋ ಹಿಂದೂ ಅರಸನ ಅಧೀನದಲ್ಲಿದ್ದ ಅಂತಲೂ ಅವನೇ ಹೇಳಿದ್ದಾನೆ. ವಿಜಯನಗರದ ಹರಿಹರನೇ ಇರಬೇಕು ಅಂತ ಇತಿಹಾಸಕಾರರು ಅನ್ನುತ್ತಾರೆ. ಅಂದರೆ ಆಗಲೇ ಇಲ್ಲಿ ಮೇಲಿನ ರಾಜ್ಯ ಒಬ್ಬರದ್ದು, ಮದುವೆ-ಮನೆತನದ ಕಾನೂನು ಇನ್ನೊಂದು. ಎರಡೂ ಒಟ್ಟಿಗೇ ನಡೆಯುತ್ತಿದ್ದವು.

ಆಮೇಲೆ ಬ್ರಿಟಿಷರು ಬಂದರು. 1772ರಲ್ಲಿ ವಾರನ್ ಹೇಸ್ಟಿಂಗ್ಸ್, ಮದುವೆ ಮತ್ತು ಆಸ್ತಿ ವಿಷಯಕ್ಕೆ ಮುಸ್ಲಿಮರಿಗೆ ಕುರಾನಿನ ಕಾನೂನು, ಹಿಂದೂಗಳಿಗೆ ಶಾಸ್ತ್ರದ ಕಾನೂನು ಅಂತ ಗೆರೆ ಎಳೆದ. 1791ರಲ್ಲಿ 'ಹಿದಾಯಾ' ಅನ್ನೋ ಹನಫಿ ಗ್ರಂಥ ಇಂಗ್ಲಿಷಿನಲ್ಲಿ ಅಚ್ಚಾಯಿತು. ಕೋರ್ಟುಗಳು ಅದನ್ನು ಕೈಯಲ್ಲಿ ಹಿಡಿದು ತೀರ್ಪು ಕೊಟ್ಟವು. ಕಾಜಿಯ ವಿವೇಚನೆಯಲ್ಲಿ ಹರಿಯುತ್ತಿದ್ದದ್ದು ಅಚ್ಚಿನ ಹಾಳೆಯಲ್ಲಿ ಹೆಪ್ಪುಗಟ್ಟಿತು. 1860ರ ದಂಡಸಂಹಿತೆ ಬಂದ ಮೇಲಂತೂ ಅಪರಾಧದ ವಿಷಯಕ್ಕೂ ಷರಿಯಾಕ್ಕೂ ಇಲ್ಲಿ ಸಂಬಂಧವೇ ಉಳಿಯಲಿಲ್ಲ. ಕಳ್ಳತನಕ್ಕೆ ಎಲ್ಲರಿಗೂ ಒಂದೇ ಶಿಕ್ಷೆ. ಇವತ್ತು ಉಳಿದಿರುವುದು ಮದುವೆ, ತಲಾಖ್, ಆಸ್ತಿ, ವಕ್ಫ್, ಇಂಥವಷ್ಟೇ. ಅದಕ್ಕೂ ಆಧಾರ 1937ರ ಷರಿಯತ್ ಕಾಯ್ದೆ.

1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಯಾರೂ ಇದರ ಬಗ್ಗೆ ಮಾತಾಡುವುದಿಲ್ಲ ಅನ್ನೋದೇ ನನಗೆ ಬೇಜಾರು. ಗಂಡ ಹಡಗು ಹತ್ತಿ ಹೋದ, ಸುದ್ದಿಯಿಲ್ಲ ಅಂತ ಇಟ್ಟುಕೊಳ್ಳಿ. ಹನಫಿ ಪದ್ಧತಿಯ ಪ್ರಕಾರ ಅವನ ವಯಸ್ಸಿನವರೆಲ್ಲ ತೀರಿಹೋಗುವ ತನಕ ಹೆಂಡತಿ ಕಾಯಬೇಕಿತ್ತು. ಅಂದರೆ ಅವಳ ಬದುಕು ಮುಗಿದಂತೆಯೇ. ಮಾಲಿಕಿಯಲ್ಲಿ ನಾಲ್ಕು ವರ್ಷ ಸಾಕು. ಕಷ್ಟದಲ್ಲಿದ್ದಾಗ ಇನ್ನೊಂದು ಪದ್ಧತಿಯ ಮಾತು ತೆಗೆದುಕೊಳ್ಳಬಹುದು ಅಂತ ಹನಫಿ ಉಲೇಮಾಗಳೇ ಒಪ್ಪಿದರು. ಅದು ಕಾಯ್ದೆಯಾಯಿತು: ಗಂಡ ನಾಲ್ಕು ವರ್ಷ ನಾಪತ್ತೆಯಾದರೆ, ಎರಡು ವರ್ಷ ಖರ್ಚಿಗೆ ಕೊಡದಿದ್ದರೆ, ಹೆಂಡತಿ ಕೋರ್ಟಿಗೆ ಹೋಗಿ ಮದುವೆ ಮುರಿಸಿಕೊಳ್ಳಬಹುದು. ದುಬೈ, ಸೌದಿ ಅಂತ ಗಂಡಸರು ಹೊರಗೇ ಇರುವ ನಮ್ಮ ಕರಾವಳಿಯಲ್ಲಿ ಪ್ರತಿ ಹೆಣ್ಣುಮಗಳಿಗೂ ಇದು ಗೊತ್ತಿರಬೇಕು, ಅಲ್ವಾ?

ರಾಜಕೀಯ ನಿಮಗೆ ಗೊತ್ತೇ ಇದೆ, ಬೇಗ ಹೇಳುತ್ತೇನೆ. 1985ರಲ್ಲಿ ಶಾಬಾನೊ ತೀರ್ಪು: ತಲಾಖ್ ಆದ ಹೆಂಡತಿಗೂ ಗಂಡ ಜೀವನಾಂಶ ಕೊಡಬೇಕು ಅಂತ. ತಿಂಗಳಿಗೆ 179 ರೂಪಾಯಿ 20 ಪೈಸೆಯ ಜೀವನಾಂಶಕ್ಕೆ ಇಡೀ ದೇಶ ಬೀದಿಗಿಳಿಯಿತು. 1986ರಲ್ಲಿ ಸರ್ಕಾರ ಬೇರೆ ಕಾಯ್ದೆ ತಂದಿತು, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಹೆಂಗಸರ ಪರವಾಗಿ ಓದಿತು. 2017ರಲ್ಲಿ ಒಂದೇ ಉಸಿರಿನ ಮೂರು ತಲಾಖ್ ಬಿದ್ದುಹೋಯಿತು. 2019ರ ಕಾಯ್ದೆ ಅದಕ್ಕೆ ಮೂರು ವರ್ಷದವರೆಗೆ ಜೈಲು ಅಂತು. ಇನ್ನು 'ಷರಿಯಾ ಕೋರ್ಟು' ಅಂತ ಹೆದರಿಸುವ ಸುದ್ದಿ ಬರುತ್ತದಲ್ಲ, ಅದಕ್ಕೆ 2014ರಲ್ಲೇ ಸುಪ್ರೀಂ ಕೋರ್ಟಿನಿಂದ ಉತ್ತರ ಸಿಕ್ಕಿದೆ: ಫತ್ವಾಕ್ಕೆ, ಅಂದರೆ ಮುಫ್ತಿ ಕೊಡುವ ಧಾರ್ಮಿಕ ಅಭಿಪ್ರಾಯಕ್ಕೆ, ಕಾನೂನಿನ ಬಲವಿಲ್ಲ. ಬೇಕಾದವರು ಕೇಳಬಹುದು, ಯಾರ ಮೇಲೂ ಹೇರುವ ಹಾಗಿಲ್ಲ.

[ದೃಶ್ಯ: ಮೇಜಿನ ಮೇಲೆ ಒಂದು ಹಾಳೆ, ಪೆನ್ನು.]

ಕೊನೆಗೆ ಆಸ್ತಿ. ಲೆಕ್ಕ ಬರೆದೇ ತೋರಿಸುತ್ತೇನೆ. ಒಬ್ಬ ತಂದೆ ತೀರಿಕೊಂಡರು. ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಕಫನಿನ ಖರ್ಚು, ಸಾಲ, ಹೆಂಡತಿಗೆ ಕೊಡದೇ ಉಳಿದ ಮೆಹರ್ (ಮದುವೆಯಲ್ಲಿ ಗಂಡ ಒಪ್ಪಿಕೊಂಡ ಮೊತ್ತ), ಎಲ್ಲ ಕಳೆದು 16 ಲಕ್ಷ ಉಳಿಯಿತು. ಹೆಂಡತಿಗೆ ಎಂಟರಲ್ಲಿ ಒಂದು ಪಾಲು, 2 ಲಕ್ಷ. ಉಳಿದ 14ರಲ್ಲಿ ಮಗನಿಗೆ 7, ಹೆಣ್ಣುಮಕ್ಕಳಿಗೆ ತಲಾ ಮೂರೂವರೆ. 'ವಸಿಯತ್ (ಉಯಿಲು) ಬರೆದು ಎಲ್ಲಾ ಮಗನಿಗೇ ಕೊಡ್ತೇನೆ' ಅಂದರೆ ಆಗುವುದಿಲ್ಲ. ವಸಿಯತ್ ಮೂರರಲ್ಲಿ ಒಂದು ಭಾಗಕ್ಕೆ ಮಾತ್ರ. ಅದೂ ಸುನ್ನಿಗಳಲ್ಲಿ ವಾರಸುದಾರರಿಗೆ ಬರೆದರೆ, ಉಳಿದ ವಾರಸುದಾರರು ಒಪ್ಪದೆ ನಡೆಯುವುದಿಲ್ಲ.

ಮಗಳಿಗೆ ಅರ್ಧ ಯಾಕೆ? ಮನೆ ಸಾಕುವ ಹೊಣೆ ಗಂಡಸಿನದು ಅನ್ನೋದು ಹಳೆಯ ಉತ್ತರ. ಮಗಳೇ ದುಡಿದು ಅಪ್ಪ-ಅಮ್ಮನ ಔಷಧಿ ತರುವ ಮನೆಗಳನ್ನು ನಾನು ನೋಡಿದ್ದೇನೆ. ಅಲ್ಲಿ ಆ ಉತ್ತರ ನನಗೆ ಸಾಲುವುದಿಲ್ಲ. ಆದರೆ ಇದಕ್ಕಿಂತ ಜಾಸ್ತಿ ನೋವು ಕೊಡುವುದು ಬೇರೆ. ಎಷ್ಟೋ ಮನೆಗಳಲ್ಲಿ ಆ ಮೂರೂವರೆಯೂ ಸಿಗುವುದಿಲ್ಲ. 'ತವರು ಬೇಕೋ, ಪಾಲು ಬೇಕೋ' ಅಂತ ಕೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ನಮ್ಮ ಜಿಲ್ಲೆಯಲ್ಲಿ ಇದು ಒಂದು ಧರ್ಮದವರ ಕಥೆಯಲ್ಲ, ನಿಮ್ಮ ಮನೆಯಲ್ಲೂ ಆಗಿರಬಹುದು.

ಹಾಗೆ ಸಹಿ ಹಾಕುವ ಮೊದಲು ಆ ಅಕ್ಕನಿಗೆ ಒಂದು ಮಾತು ಹೇಳಿ. ಕುರಾನಿನ ನಾಲ್ಕನೇ ಅಧ್ಯಾಯದ 7ನೇ ವಚನ ಆಸ್ತಿ ಚಿಕ್ಕದಿರಲಿ ದೊಡ್ಡದಿರಲಿ, ಹೆಣ್ಣಿಗೆ ಪಾಲು ನಿಗದಿಯಾಗಿದೆ ಅನ್ನುತ್ತದೆ. ಅದು ಅಣ್ಣ ಕೊಡುವ ಉಡುಗೊರೆಯಲ್ಲ. ಅಪ್ಪನ ಉಸಿರು ನಿಂತ ಗಳಿಗೆಯಿಂದಲೇ ಅವಳದ್ದು.